ಡೇಟಾಬೇಸ್ ನೋಡುವವನು ಎಫ್ 12 ಒತ್ತಿದ ಮೇಲೆ: ನನ್ನ ಅನುಭವ

ನಮ್ಮದು ಗಂಗಾವತಿಯಲ್ಲಿ ಆರು ಜನರ ಸಣ್ಣ ಕಂಪನಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮೂವತ್ತಕ್ಕಿಂತ ಹೆಚ್ಚು ರೈಸ್ ಮಿಲ್‌ಗಳು ನಮ್ಮ ಸಾಫ್ಟ್‌ವೇರ್ ಬಳಸುತ್ತವೆ. ವೇಬ್ರಿಡ್ಜ್ ತೂಕ, ರೈತರ ಪಟ್ಟಿ, ಹಮಾಲಿ, ಪೇಮೆಂಟ್ ಎಲ್ಲ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ. ಆ ಪೋಸ್ಟ್‌ಗ್ರೆಸ್ ನನ್ನ ಜವಾಬ್ದಾರಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಆದರೆ ಬ್ರೌಸರ್ ಒಳಗೆ ಏನು ನಡೆಯುತ್ತದೆ ಅಂತ 2024ರ ಸುಗ್ಗಿಯವರೆಗೆ ಒಂದು ದಿನವೂ ನೋಡಿರಲಿಲ್ಲ.

ಡಿಬಿಎಗೆ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವನಿಗೆ, ಫ್ರಂಟ್ ಎಂಡ್ (ಬ್ರೌಸರಿನಲ್ಲಿ ಕಾಣುವ ಪರದೆಯ ಕೋಡ್) ಯಾಕೆ ಅಂತ ನನ್ನನ್ನು ಕೇಳದವರಿಲ್ಲ. ನಮ್ಮ ಮಾಲೀಕರು ಕೇಳಿದರು. ನಮ್ಮ ಫ್ರಂಟ್ ಎಂಡ್ ಹುಡುಗ ಕೇಳಿದ. ಬೆಂಗಳೂರಿನಲ್ಲಿ ದೊಡ್ಡ ಸಂಬಳ ತೆಗೆದುಕೊಳ್ಳುವ ನನ್ನ ಹಳೆಯ ಗೆಳೆಯನೂ ಕೇಳಿದ. ಈಗ ಎರಡು ಸುಗ್ಗಿ ದಾಟಿದೆ, ಯಾರೂ ಕೇಳುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆಗ ಬೆಳೆ ಕೈಗೆ ಬರುತ್ತದೋ ಇಲ್ಲವೋ ಅಂತ ಮಿಲ್ ಸಾಹುಕಾರರೆಲ್ಲ ಕೈ ಬಿಗಿ ಹಿಡಿದರು. ನಮಗೆ ಬರಬೇಕಾದ ಬಾಕಿಯೂ ನಿಂತಿತು. ಆಮೇಲೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿದರು, ನೀರು ಉಳಿಯಿತು, ಭತ್ತ ಬಂತು. ನವೆಂಬರ್ ಮಧ್ಯದಿಂದ ಮಿಲ್‌ಗಳ ಮುಂದೆ ಟ್ರ್ಯಾಕ್ಟರ್ ಸಾಲು. ನಮ್ಮ ಸಾಫ್ಟ್‌ವೇರ್ ಸರಿಯಾಗಿ ಅದೇ ವಾರ ಕುಂಟಲು ಶುರುಮಾಡಿತು. ಬೆಳಗ್ಗೆ ಏಳಕ್ಕೇ ಫೋನ್. "ಸಾರ್, ಬರೀ ತಿರುಗಾಕ ಹತ್ತೈತ್ರಿ, ಏನೂ ಬರವಲ್ದು."

ನಿಧಾನ ಅಂದ ತಕ್ಷಣ ಎಲ್ಲರ ಬೆರಳು ಡೇಟಾಬೇಸ್ ಕಡೆಗೇ ಅಲ್ವಾ? ನಾನೂ ಹಾಗೇ ನಂಬಿದೆ. ಬೇಗ ಹುಡುಕಲು ಇಂಡೆಕ್ಸ್ ಸೇರಿಸಿದೆ, ಹಳೆಯ ಕಸ ಗುಡಿಸುವ ವ್ಯಾಕ್ಯೂಮ್ ಬಿಗಿ ಮಾಡಿದೆ, ಮೆಮೊರಿಯ ಶೇರ್ಡ್ ಬಫರ್ಸ್ ಏರಿಸಿದೆ, ಸಂಪರ್ಕಗಳನ್ನು ಹಂಚುವ ಪಿಜಿ ಬೌನ್ಸರ್ ಮುಂದೆ ಕೂರಿಸಿದೆ. ತಿಂಗಳಿಗೆ ಆರು ಸಾವಿರದ ಹತ್ತಿರ ಇದ್ದ ಸರ್ವರ್ ಬಾಡಿಗೆ ಮೊದಲು ಹನ್ನೊಂದಕ್ಕೆ, ಆಮೇಲೆ ಹದಿನೆಂಟು ಸಾವಿರಕ್ಕೆ ಹೋಯಿತು. ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದೆವು. ಎರಡು ದಿನ ಕೂತು, ರೆಪ್ಲಿಕಾ (ಡೇಟಾಬೇಸಿನ ಇನ್ನೊಂದು ಪ್ರತಿ) ಹಾಕಿ ಅಂತ ಹೇಳಿ ನಲವತ್ತು ಸಾವಿರ ತೆಗೆದುಕೊಂಡು ಹೋದರು. ರೆಪ್ಲಿಕಾ ಹಾಕಿದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮತ್ತೆ ಅದೇ ಫೋನ್.

ನಾನು ಮಾಡಿದ ತಪ್ಪು ಇಷ್ಟು. ಯಾವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಎಷ್ಟು ಸಲ, ಎಷ್ಟು ಹೊತ್ತು ಓಡಿತು ಅಂತ ತೋರಿಸುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ನೋಡುವಾಗ ಯಾವಾಗಲೂ ಸರಾಸರಿ ಸಮಯದ ಮೇಲೆ ಜೋಡಿಸುತ್ತಿದ್ದೆ. ಮೇಲೆ ಬರುತ್ತಿದ್ದದ್ದು ತಿಂಗಳ ವರದಿಗಳು. ಅವುಗಳನ್ನೇ ಉಜ್ಜುತ್ತಾ ಕೂತೆ. ಒಂದು ರಾತ್ರಿ ಎಷ್ಟು ಸಲ ಓಡಿತು ಅನ್ನುವ ಸಂಖ್ಯೆಯ ಮೇಲೆ ಜೋಡಿಸಿದೆ. ನಾಲ್ಕೇ ಮಿಲಿಸೆಕೆಂಡ್ ತೆಗೆದುಕೊಳ್ಳುವ ಒಂದು ಕ್ವೆರಿ ಒಂದು ದಿನಕ್ಕೆ ಸುಮಾರು ಏಳು ಲಕ್ಷ ಸಲ ಓಡಿತ್ತು. ಮೂವತ್ತು ಮಿಲ್, ಮಿಲ್ಲಿಗೆ ಮೂರೋ ನಾಲ್ಕೋ ಜನ. ಏಳು ಲಕ್ಷ ಸಲ ಯಾರು ಕೇಳುತ್ತಾರೆ? ಉತ್ತರ ಡೇಟಾಬೇಸ್ ಒಳಗೆ ಇರಲಿಲ್ಲ. ಬೈಕ್ ತೆಗೆದುಕೊಂಡು ಕಾರಟಗಿ ಕಡೆಯ ಒಂದು ಮಿಲ್ಲಿಗೆ ಹೋದೆ.

ಸಾಹುಕಾರರ ಕೋಣೆಯಲ್ಲಿ ಗೋಡೆಗೆ ದೊಡ್ಡ ಟಿವಿ. ಅದರ ಮೇಲೆ ನಮ್ಮದೇ ಡ್ಯಾಶ್‌ಬೋರ್ಡ್. ಇವತ್ತು ಎಷ್ಟು ಚೀಲ, ಎಷ್ಟು ಹಣ ಅಂತ. ಅವರು ಅದನ್ನು ರಾತ್ರಿಯೂ ಆರಿಸುತ್ತಿರಲಿಲ್ಲ. ಕೀಬೋರ್ಡ್ ಎಳೆದು ಎಫ್ 12 ಒತ್ತಿ, ಬ್ರೌಸರ್ ಸರ್ವರಿಗೆ ಕಳಿಸುವ ಕರೆಗಳನ್ನು ತೋರಿಸುವ ನೆಟ್‌ವರ್ಕ್ ಟ್ಯಾಬ್ ತೆರೆದೆ. ಐದು ಸೆಕೆಂಡಿಗೆ ಒಂದು ಗೆರೆ ಬೀಳುತ್ತಿತ್ತು. ಐದು ಸೆಕೆಂಡಿಗೆ ಒಂದು ಅಂದರೆ ದಿನಕ್ಕೆ 17,280. ಅಂಥ ತೆರೆದ ಟ್ಯಾಬ್ ನಲವತ್ತು ಇದ್ದರೆ ಏಳು ಲಕ್ಷ. ಅಲ್ಲೇ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ನೋಡಿದಾಗ ಲೆಕ್ಕ ಹೆಚ್ಚುಕಡಿಮೆ ಕೂತಿತು. ಆ ಮಿಲ್ಲಿನ ಕಾಂಪೌಂಡಿನಲ್ಲಿ ಚಹಾ ಕುಡಿಯುತ್ತಾ ನಿಂತು ನಲವತ್ತು ಸಾವಿರದ ರೆಪ್ಲಿಕಾ ನೆನಪಾಗಿ ಹೊಟ್ಟೆ ಉರಿಯಿತು.

ಮಾಲೀಕರಿಗೆ ಹೇಳಿದೆ, ಮೂರು ತಿಂಗಳು ಕೊಡಿ, ಫ್ರಂಟ್ ಎಂಡ್ ಕೋಡ್ ಓದಲು ಕಲಿಯುತ್ತೇನೆ ಅಂತ. "ನೀವು ಡೇಟಾಬೇಸ್ ನೋಡ್ಕೊಳ್ರಿ, ಸ್ಕ್ರೀನ್ ಗೊಡವಿ ನಿಮಗ್ಯಾಕ?" ಅಂದರು. ಹುಡುಗ ಮರ್ಯಾದೆಯಿಂದಲೇ "ಸಾರ್, ಅದು ರಿಯಾಕ್ಟ್, ನಿಮಗೆ ಟೈಮ್ ವೇಸ್ಟ್" ಅಂದ. ರಿಯಾಕ್ಟ್ ಅಂದರೆ ನಮ್ಮ ಪರದೆಗಳನ್ನು ಕಟ್ಟಿರುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಕಲಿತೆ. ಐನೂರು ರೂಪಾಯಿಯ ಒಂದು ಕೋರ್ಸ್ ತೆಗೆದುಕೊಂಡೆ. ಅದರಲ್ಲಿ ಅರ್ಧ ಬಣ್ಣ, ಬಾರ್ಡರ್, ಬಟನ್. ಬಿಟ್ಟುಬಿಟ್ಟೆ. ನಮ್ಮದೇ ಕೋಡ್ ತೆರೆದು, ಒಂದು ಸ್ಕ್ರೀನ್ ಯಾವ ಯಾವ ಕರೆ ಕಳಿಸುತ್ತದೆ ಅಂತ ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಅದೇ ನನ್ನ ಪಾಠ ಆಯಿತು.

ಶುರುವಿನಲ್ಲೇ ಎರಡು ದಿನ ಹಾಳಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರತಿ ಕರೆಯೂ ಎರಡೆರಡು ಸಲ ಹೋಗುತ್ತಿತ್ತು. ಸಿಕ್ಕಿಬಿತ್ತು ಅಂದುಕೊಂಡೆ. ಅದು ರಿಯಾಕ್ಟ್ 18ರ ಸ್ಟ್ರಿಕ್ಟ್ ಮೋಡ್, ತಪ್ಪು ಹಿಡಿಯುವ ಪರೀಕ್ಷೆ. ಡೆವಲಪ್‌ಮೆಂಟ್‌ನಲ್ಲಿ ಬೇಕಂತಲೇ ಎಫೆಕ್ಟ್‌ಗಳನ್ನು (ಪರದೆ ತೆರೆದಾಗ ಓಡುವ ಕೋಡ್) ಎರಡು ಸಲ ಓಡಿಸುತ್ತದೆ, ಮಿಲ್‌ಗಳಲ್ಲಿ ಓಡುವ ಬಿಲ್ಡ್‌ನಲ್ಲಿ ಅದು ಇಲ್ಲ. ನನ್ನಂತೆ ಡೇಟಾಬೇಸ್ ಕಡೆಯಿಂದ ಬರುವವರು ಇದನ್ನು ಮೊದಲೇ ತಿಳಿದಿಟ್ಟುಕೊಳ್ಳಿ.

ಡ್ಯಾಶ್‌ಬೋರ್ಡ್ ಸರಿಮಾಡುವಾಗಲೂ ಮೊದಲ ಸಲ ಎಡವಿದೆ. ಈಟ್ಯಾಗ್ ಹಾಕಿಸಿದೆ, ಅಂದರೆ ಉತ್ತರದ ಜೊತೆ ಹೋಗುವ ಒಂದು ಗುರುತು. ಡೇಟಾ ಬದಲಾಗದಿದ್ದರೆ 304, ಅಂದರೆ "ಏನೂ ಬದಲಾಗಿಲ್ಲ" ಅನ್ನುವ ಉತ್ತರ ಬರುತ್ತದೆ, ಬ್ರೌಸರ್ ಹಳೆಯದನ್ನೇ ತೋರಿಸುತ್ತದೆ. ನೆಟ್‌ವರ್ಕ್ ಟ್ಯಾಬ್ ನೋಡಿ ಖುಷಿಪಟ್ಟೆ, ಎಲ್ಲ 304. ಸರ್ವರ್ ಲೋಡ್ ಮಾತ್ರ ಒಂದು ಕೂದಲೂ ಇಳಿಯಲಿಲ್ಲ. ಯಾಕೆಂದರೆ ಆ ಈಟ್ಯಾಗ್ ಹುಟ್ಟುತ್ತಿದ್ದದ್ದು ಉತ್ತರವನ್ನು ಹ್ಯಾಶ್ ಮಾಡಿ, ಅಂದರೆ ಇಡೀ ಉತ್ತರದಿಂದ ಒಂದು ಚಿಕ್ಕ ಸಂಕೇತ ತೆಗೆದು. ಹ್ಯಾಶ್ ಮಾಡಲು ಉತ್ತರ ಬೇಕು, ಉತ್ತರಕ್ಕೆ ಕ್ವೆರಿ ಓಡಲೇಬೇಕು. ಉಳಿತಾಯ ಆದದ್ದು ಡೌನ್‌ಲೋಡ್ ಮಾತ್ರ. ಇದು ಫ್ರಂಟ್ ಎಂಡ್ ಹುಡುಗನಿಗೆ ಕಾಣುವುದಿಲ್ಲ, ಅವನಿಗೆ 304 ಅಂದರೆ ಗೆದ್ದಂತೆ. ಹಿಂದಿನ ನನಗೂ ಕಾಣುತ್ತಿರಲಿಲ್ಲ, ನನಗೆ 304 ಅಂದರೇನೇ ಗೊತ್ತಿರಲಿಲ್ಲ. ಎರಡೂ ಕಡೆ ನೋಡುವವನಿಗೆ ಮಾತ್ರ ಕಾಣುವ ಜಾಗ ಅದು. ಈಗ ಮಿಲ್ಲಿಗೊಂದು ಬದಲಾವಣೆ ನಂಬರ್ ಇರುವ ಪುಟ್ಟ ಟೇಬಲ್ ಇಟ್ಟಿದ್ದೇನೆ. ತೂಕ ಸೇರಿದಾಗ ಆ ನಂಬರ್ ಏರುತ್ತದೆ. ಈಟ್ಯಾಗ್ ಅಂದರೆ ಆ ನಂಬರ್, ಅಷ್ಟೇ. ಜೊತೆಗೆ ಟ್ಯಾಬ್ ಮರೆಯಲ್ಲಿದ್ದರೆ ಕರೆ ನಿಲ್ಲುತ್ತದೆ, ಎದುರಿಗಿದ್ದರೆ ನಿಮಿಷಕ್ಕೊಂದು. ಏಳು ಲಕ್ಷ ಇದ್ದದ್ದು ಇಪ್ಪತ್ತು ಸಾವಿರದ ಆಸುಪಾಸಿಗೆ ಬಂತು.

ಬ್ರೌಸರ್ ಹಳೆಯ ಉತ್ತರವನ್ನು ಇಟ್ಟುಕೊಂಡು ಮತ್ತೆ ತೋರಿಸುವ ಕ್ಯಾಶ್ (cache) ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ಹುಮ್ಮಸ್ಸಿನಲ್ಲಿ ದಿನದ ರೇಟಿಗೂ ಒಂದು ಗಂಟೆ ಕ್ಯಾಶ್ ಹಾಕಿದೆ. 75 ಕೆಜಿ ಚೀಲಕ್ಕೆ ಸಾಹುಕಾರರು ಇಪ್ಪತ್ತು ರೂಪಾಯಿ ಇಳಿಸಿದ್ದರು, ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಹಳೆಯ ರೇಟೇ ಕೂತಿತ್ತು. ಆ ಗಂಟೆಯಲ್ಲಿ ಹತ್ತಿರ ಹತ್ತಿರ ನಾನೂರು ಚೀಲಕ್ಕೆ ಹಳೆಯ ರೇಟಿನಲ್ಲೇ ಬಿಲ್ ಆಗಿಹೋಯಿತು. ಎಂಟು ಸಾವಿರ ನಮ್ಮ ಕಂಪನಿ ತುಂಬಿಕೊಟ್ಟಿತು. ಹಣ ಇರುವ ಯಾವ ಸಂಖ್ಯೆಗೂ ಅಂದಿನಿಂದ ಬ್ರೌಸರ್ ಕ್ಯಾಶ್ ಕೊಟ್ಟಿಲ್ಲ.

ಇನ್ನು ರೈತರ ಹುಡುಕಾಟ. ಇದಕ್ಕೆ ನಾನು ಅತಿ ಹೆಚ್ಚು ದಿನ ಕೊಟ್ಟೆ. ಹೆಸರಿನ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಾಗಲೂ ಒಂದು ಕ್ವೆರಿ ಹೋಗುತ್ತಿತ್ತು. ಕನ್ನಡದಲ್ಲಿ ಟೈಪ್ ಮಾಡುವಾಗ ಇದು ಇನ್ನೂ ಜಾಸ್ತಿ, ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಕೀ ಬೇಕಲ್ಲ. ಅದರ ಮೇಲೆ ಎರಡೂ ಕಡೆ ಶೇಕಡಾ ಚಿಹ್ನೆ ಇರುವ ಲೈಕ್, ಅಂದರೆ ಹೆಸರಿನ ಒಳಗೆ ಎಲ್ಲಿದ್ದರೂ ಹುಡುಕು ಅಂತ. ಹೆಸರಿನ ಶುರುವಿನಿಂದ ಹುಡುಕುವ ಸಾಮಾನ್ಯ ಬಿ ಟ್ರೀ ಇಂಡೆಕ್ಸ್ ಅದಕ್ಕೆ ಉಪಯೋಗ ಇಲ್ಲ. ಮೂರು ಮೂರು ಅಕ್ಷರದ ತುಂಡು ಇಟ್ಟು ಹುಡುಕುವ ಟ್ರೈಗ್ರಾಮ್ ಇಂಡೆಕ್ಸ್ ಹಾಕಿದ್ದೆ, ಆದರೆ ಒಂದೆರಡು ಅಕ್ಷರಕ್ಕೆ ಅದೂ ಕೈಕೊಡುತ್ತದೆ.

300 ಮಿಲಿಸೆಕೆಂಡ್ ಡಿಬೌನ್ಸ್ ಹಾಕಿಸಿದೆವು, ಅಂದರೆ ಟೈಪ್ ನಿಂತು ಅಷ್ಟು ಹೊತ್ತಾದ ಮೇಲೇ ಕರೆ ಹೋಗುತ್ತದೆ. ಕ್ವೆರಿ ಇಳಿದವು. ಎರಡನೇ ದಿನ ಬೇರೆ ದೂರು, ಒಬ್ಬರ ಭತ್ತ ಇನ್ನೊಬ್ಬರ ಹೆಸರಿಗೆ ಬಿದ್ದಿದೆ ಅಂತ. ಗುಮಾಸ್ತರ ಕೈ ಅಷ್ಟು ಚುರುಕು, ಹೊಸ ಪಟ್ಟಿ ಬರುವ ಮೊದಲೇ ಎಂಟರ್ ಒತ್ತಿಬಿಡುತ್ತಿದ್ದರು. ಹಳೆಯ ಪಟ್ಟಿಯ ಮೊದಲ ಹೆಸರು ಆಯ್ಕೆ ಆಗುತ್ತಿತ್ತು. ಕೆಲವು ಸಲ ಹಳೆಯ ಕರೆಯ ಉತ್ತರ ತಡವಾಗಿ ಬಂದು ಹೊಸದರ ಮೇಲೆ ಕೂರುತ್ತಿತ್ತು. ಅಬಾರ್ಟ್ ಕಂಟ್ರೋಲರ್ ಬಳಸಿ ಹಳೆಯ ಕರೆಯನ್ನು ಕಡಿದುಹಾಕಿದೆವು, ಹೊಸ ಪಟ್ಟಿ ಬರುವವರೆಗೆ ಎಂಟರ್ ಕೆಲಸ ಮಾಡದಂತೆ ಮಾಡಿದೆವು. ಒಂದು ಮಾತು: ಬ್ರೌಸರ್ ಕರೆ ಕಡಿದರೂ ಪೋಸ್ಟ್‌ಗ್ರೆಸ್ ಒಳಗೆ ಕ್ವೆರಿ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ, ನಡುವಿನ ಸರ್ವರ್ ಅದನ್ನು ರದ್ದು ಮಾಡದಿದ್ದರೆ. ಹುಡುಕಾಟದ ಡೇಟಾಬೇಸ್ ಯೂಸರಿಗೆ ಎರಡು ಸೆಕೆಂಡಿನ ಸ್ಟೇಟ್‌ಮೆಂಟ್ ಟೈಮ್‌ಔಟ್ (ಅಷ್ಟರೊಳಗೆ ಮುಗಿಯದ ಕ್ವೆರಿ ರದ್ದು) ಹಾಕಿದ ಮೇಲೆ ನೆಮ್ಮದಿ ಆಯಿತು.

ಆದರೆ ನಿಜವಾದ ಮದ್ದು ಸಿಕ್ಕಿದ್ದು ಗುಮಾಸ್ತರ ಬೆನ್ನ ಹಿಂದೆ ಕೂತಾಗ. ಅರವತ್ತರ ಹತ್ತಿರದ ಮನುಷ್ಯ, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ, ಪರದೆ ನೋಡುವುದೇ ಇಲ್ಲ. "ಬಸ" ಅಂತ ಒತ್ತಿದರು. ನೂರ ನಲವತ್ತು ಬಸವರಾಜ, ಬಸಪ್ಪ, ಬಸಮ್ಮ ಬಂದರು. ಮೌಸ್ ಹಿಡಿದು ಉರುಳಿಸುತ್ತಾ ಹೋದರು. "ಯಾವ ಬಸಪ್ಪ ಅಂತ ಹೆಂಗ್ ಗೊತ್ತಾಗ್ತದ್ರೀ?" ಅಂತ ಕೇಳಿದೆ. "ಊರು ಕೇಳ್ತೀನ್ರೀ, ಆಮೇಲೆ ಅವರಪ್ಪನ ಹೆಸ್ರು" ಅಂದರು. ಅಲ್ಲಿಗೆ ಮುಗಿಯಿತು. ನಮ್ಮ ಪರದೆ ಹೆಸರಿನಿಂದ ಶುರುವಾಗುತ್ತಿತ್ತು, ಮಿಲ್ಲಿನ ವ್ಯವಹಾರ ಊರಿನಿಂದ ಶುರುವಾಗುತ್ತದೆ. ಊರು ಮೊದಲು ಕೇಳುವಂತೆ ಪರದೆ ತಿರುಗಿಸಿದೆವು. ಮಿಲ್, ಊರು, ಹೆಸರು ಸೇರಿಸಿ ಒಂದು ಇಂಡೆಕ್ಸ್. ಟ್ರೈಗ್ರಾಮ್ ಕಿತ್ತುಹಾಕಿದೆ. ಯಾರ ಹೆಸರು ಮೇಲೆ ಬರಬೇಕು ಅನ್ನುವುದಕ್ಕೆ ನಾನೊಂದು ಲೆಕ್ಕ ಕಟ್ಟಿದ್ದೇನೆ. ಹತ್ತರಲ್ಲಿ ಎಂಟು ಸಲ ಬೇಕಾದ ರೈತರೇ ಮೊದಲ ಸಾಲಿನಲ್ಲಿರುತ್ತಾರೆ. ಆ ಲೆಕ್ಕ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದರ ಮೇಲೆ ನಮ್ಮ ಕಂಪನಿಯ ಅನ್ನ ನಿಂತಿದೆ.

ಇದರ ನಡುವೆ ಊರಿನ ಪಟ್ಟಿ ಮಾಡುವಾಗ ಇನ್ನೊಂದಕ್ಕೆ ಕೈಹಾಕಿದೆ. ನಮ್ಮ ಟೇಬಲ್‌ನಲ್ಲಿ ಕೊಪ್ಪಳ ಎರಡಿತ್ತು. ಕಣ್ಣಿಗೆ ಎರಡೂ ಒಂದೇ, ಒಂದೇ ತರಹದವನ್ನು ಒಂದಾಗಿಸುವ ಡಿಸ್ಟಿಂಕ್ಟ್ ಹಾಕಿದರೂ ಎರಡು. ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ "ಕೊ" ಬರೆಯಲು ಎರಡು ದಾರಿ ಇದೆ. ಒತ್ವ ಒಂದೇ ಸಂಕೇತವಾಗಿ ಬರಬಹುದು, ಎತ್ವ ಮತ್ತು ಊತ್ವದ ಚಿಹ್ನೆ ಎರಡೂ ಸೇರಿ ಬರಬಹುದು. ಹಳೆಯ ಫೈಲ್‌ಗಳಿಂದ ಬದಲಾಯಿಸಿ ತಂದ ಹೆಸರುಗಳು ಎರಡನೇ ಬಗೆ, ಈಗ ಟೈಪ್ ಮಾಡಿದವು ಮೊದಲನೇ ಬಗೆ. ಬ್ರೌಸರಿನಲ್ಲಿ ಕಳಿಸುವ ಮೊದಲೇ ನಾರ್ಮಲೈಸ್ ಮಾಡಿಸಿದೆ, ಅಂದರೆ ಎರಡನ್ನೂ ಒಂದೇ ಬಗೆಗೆ ತರಿಸಿದೆ. ಪೋಸ್ಟ್‌ಗ್ರೆಸ್ 13ರಿಂದ ಒಳಗೂ ನಾರ್ಮಲೈಸ್ ಫಂಕ್ಷನ್ ಇದೆ, ಹಳೆಯದನ್ನೆಲ್ಲ ಒಂದು ಭಾನುವಾರ ಕೂತು ತಿದ್ದಿದೆ. ಸುಮಾರು ಒಂಬೈನೂರು ರೈತರು ಎರಡೆರಡು ಸಲ ಇದ್ದರು. ಇಂಗ್ಲಿಷಿನಲ್ಲಿ ತುಂಬಿದ ಬಳ್ಳಾರಿಯ ಕಥೆ ಬೇರೆ. 2014ರ ನವೆಂಬರ್ 1ರಂದು ಹೆಸರು ಬದಲಾದರೂ ಹಳೆಯ ಸ್ಪೆಲ್ಲಿಂಗ್ ಇನ್ನೂ ಬರುತ್ತಲೇ ಇದೆ. ಅದಕ್ಕೆ ಕೈಯಿಂದಲೇ ಒಂದು ಪಟ್ಟಿ ಮಾಡಿದೆ.

ನನ್ನ ಹನ್ನೊಂದು ವರ್ಷದಲ್ಲಿ ಅತಿ ಹೆಚ್ಚು ಹೆದರಿಸಿದ್ದು ಚೀಟಿ ನಂಬರ್. 57ರಲ್ಲಿ ಮುಗಿಯುವ ಚೀಟಿ ತೆರೆದರೆ 56ರಲ್ಲಿ ಮುಗಿಯುವ ಚೀಟಿ ಬರುತ್ತಿತ್ತು. 55 ಒತ್ತಿದರೂ ಅದೇ 56. ಡೇಟಾ ಕೆಟ್ಟಿದೆ ಅಂತ ರಾತ್ರಿ ಹನ್ನೊಂದಕ್ಕೆ ಬ್ಯಾಕಪ್ ರಿಸ್ಟೋರ್ ಮಾಡಿ ಹೋಲಿಸಿದೆ. ಡೇಟಾ ಹಾಲಿನಂತೆ ಸ್ವಚ್ಛ. ನಮ್ಮ ಚೀಟಿ ನಂಬರ್ 17 ಅಂಕಿಯ ಬಿಗ್ ಇಂಟ್, ಅಂದರೆ ದೊಡ್ಡ ಪೂರ್ಣಾಂಕ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆ 9007199254740991 ದಾಟಿದ ಪೂರ್ಣಾಂಕವನ್ನು ನಂಬರಾಗಿ ಸರಿಯಾಗಿ ಹಿಡಿಯುವುದಿಲ್ಲ, ಹತ್ತಿರದ ಸಂಖ್ಯೆಗೆ ತಳ್ಳುತ್ತದೆ. ನಮ್ಮ ನಂಬರ್ ಇದ್ದ ಎತ್ತರದಲ್ಲಿ ಅದು ಹಿಡಿಯುವ ಸಂಖ್ಯೆಗಳ ನಡುವೆ ನಾಲ್ಕರ ಅಂತರ. ಸ್ಟ್ರಿಂಗ್ ಆಗಿ, ಅಂದರೆ ಸಂಖ್ಯೆಯ ಬದಲು ಬರಹವಾಗಿ ಕಳಿಸಿದೆವು, ಒಂದು ಸಾಲಿನ ಬದಲಾವಣೆ. ಆ ಒಂದು ಸಾಲು ಗೊತ್ತಿಲ್ಲದೆ ಮೂರು ರಾತ್ರಿ ನಿದ್ದೆ ಕಳೆದುಕೊಂಡೆ.

ದಿನಾಂಕದ್ದೂ ಇಂಥದ್ದೇ. ನಸುಕಿನಲ್ಲಿ ನಾಲ್ಕೂವರೆಗೆ ತೂಗಿದ ಟ್ರ್ಯಾಕ್ಟರ್ ನಿನ್ನೆಯ ಲೆಕ್ಕಕ್ಕೆ ಹೋಗುತ್ತಿತ್ತು. ಕೋಡ್‌ನಲ್ಲಿ ದಿನಾಂಕ, ಸಮಯ ಒಟ್ಟಿಗೆ ಬರೆದ ಐಎಸ್‌ಒ ಸ್ಟ್ರಿಂಗ್‌ನಿಂದ ಮೊದಲ ಹತ್ತು ಅಕ್ಷರ ಕತ್ತರಿಸಿ ದಿನಾಂಕ ಅಂತ ಕಳಿಸುತ್ತಿದ್ದರು. ಅದು ಯುಟಿಸಿ (ಜಾಗತಿಕ ಸಮಯ), ನಮ್ಮ ಬೆಳಗಿನ ಐದೂವರೆಗೆ ಅಲ್ಲಿ ಮಧ್ಯರಾತ್ರಿ. ಜೊತೆಗೆ ವೇಬ್ರಿಡ್ಜ್ ಕಂಪ್ಯೂಟರ್‌ಗಳ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ಕಾಲ. ದಿನಾಂಕವನ್ನು ಬ್ರೌಸರಿನಿಂದ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ.

"ಉಳಿಸು" ಬಟನ್ ಎರಡು ಸಲ ಒತ್ತಿ ಒಬ್ಬ ರೈತರಿಗೆ ಎಪ್ಪತ್ತು ಚೀಲದ ಹಣ, ಹತ್ತಿರ ಹತ್ತಿರ ಒಂದು ಲಕ್ಷದ ಇಪ್ಪತ್ತು ಸಾವಿರ, ಎರಡು ಸಲ ಹೋಗಿತ್ತು. ಆ ಪುಣ್ಯಾತ್ಮರು ಮರುದಿನ ತಾವೇ ತಂದುಕೊಟ್ಟರು. ಹುಡುಗ ಬಟನ್ ಡಿಸೇಬಲ್ ಮಾಡಿದ. ಅದು ಸಾಲದು, ಪೇಜ್ ರಿಫ್ರೆಶ್ ಮಾಡಿದರೆ ಬಟನ್ ಮತ್ತೆ ಜೀವಂತ. ವೇಬ್ರಿಡ್ಜ್ ಹೊಸ ತೂಕ ಕೊಟ್ಟಾಗಲೇ ಒಂದು ಟೋಕನ್ (ಆ ತೂಕಕ್ಕಷ್ಟೇ ಸೇರಿದ ಗುರುತು) ಹುಟ್ಟಿಸಿ ಬ್ರೌಸರಿನಲ್ಲಿ ಇಡುತ್ತೇವೆ, ರಿಫ್ರೆಶ್ ಮಾಡಿದರೂ ಅದೇ ಟೋಕನ್. ಟೇಬಲ್‌ನಲ್ಲಿ ಅದರ ಮೇಲೆ ಯುನೀಕ್, ಇನ್ಸರ್ಟ್‌ಗೆ ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್, ಅಂದರೆ ಅದೇ ಟೋಕನ್ ಎರಡನೇ ಸಲ ಬಂದರೆ ಸೇರಿಸುವುದಿಲ್ಲ. ಅದಾದ ಮೇಲೆ ಒಂದೂ ಎರಡಾಗಿಲ್ಲ.

ರೈತರ ಪಟ್ಟಿಯನ್ನೆಲ್ಲ ಇಂಡೆಕ್ಸ್ಡ್ ಡಿಬಿಯಲ್ಲಿ ಬ್ರೌಸರಿನೊಳಗೇ ಇಟ್ಟು ನೋಡಿದ್ದೆ, ನೆಟ್ ಇಲ್ಲದಾಗಲೂ ಓಡಲಿ ಅಂತ. ಓಡಿತು. ಆದರೆ ಯಾರು ಬೇಕಾದರೂ ಕೂರುವ ಕಂಪ್ಯೂಟರಿನಲ್ಲಿ ಸಾವಿರಾರು ರೈತರ ಮೊಬೈಲ್ ನಂಬರ್ ಬಿದ್ದಿರುವುದು ನನಗೆ ಸರಿ ಕಾಣಲಿಲ್ಲ. ತೆಗೆದುಹಾಕಿದೆ. ಹೆಸರು, ಊರು ಮಾತ್ರ ಇಟ್ಟು ಮುಂದಿನ ಸುಗ್ಗಿಗೆ ಮತ್ತೆ ನೋಡಬೇಕು.

ಡಿಬಿಎ ಫ್ರಂಟ್ ಎಂಡ್ ಬರೆಯಬೇಕಾ ಅಂದರೆ, ಬೇಡ ಅಂತಲೇ ಹೇಳುತ್ತೇನೆ. ನನಗೆ ಇವತ್ತಿಗೂ ಪರದೆಯ ಬಣ್ಣ, ಆಕಾರ ಬರೆಯುವ ಸಿಎಸ್ಎಸ್ ಬರುವುದಿಲ್ಲ, ಕಲಿಯುವುದೂ ಇಲ್ಲ. ಆದರೆ ಕ್ವೆರಿ ಹುಟ್ಟುವುದು ಪರದೆಯ ಮೇಲೆ. ಅದು ಯಾವ ಬೆರಳಿನಿಂದ, ದಿನಕ್ಕೆ ಎಷ್ಟು ಸಲ ಹುಟ್ಟುತ್ತದೆ ಅಂತ ಓದಲು ಬರದವನು ನಾನು ಮಾಡಿದಂತೆ ಸರ್ವರ್ ಬಾಡಿಗೆಯನ್ನು ಮೂರು ಪಟ್ಟು ಮಾಡುತ್ತಾನೆ.

ಬಾಡಿಗೆ ಈಗ ಮತ್ತೆ ಆರು ಸಾವಿರದ ಚಿಲ್ಲರೆ. ರೆಪ್ಲಿಕಾ ಇಲ್ಲ. ಮಿಲ್ ಮಾತ್ರ ಎಂಟು ಜಾಸ್ತಿ ಆಗಿವೆ. ಮೊನ್ನೆ ಫ್ರಂಟ್ ಎಂಡ್ ಹುಡುಗ ಬಂದು, "ಸಾರ್, ಎಕ್ಸ್‌ಪ್ಲೇನ್ ಓದೋದು ಹೇಳಿಕೊಡ್ತೀರಾ?" ಅಂದ. ಕ್ವೆರಿಯನ್ನು ಡೇಟಾಬೇಸ್ ಹೇಗೆ ಓಡಿಸುತ್ತದೆ ಅಂತ ತೋರಿಸುವುದು ಎಕ್ಸ್‌ಪ್ಲೇನ್. ಓದಲು ಮಾತ್ರ ಹಕ್ಕು ಇರುವ ಒಂದು ಲಾಗಿನ್ ಮಾಡಿಕೊಟ್ಟೆ. ಸಂಜೆ ಆರರಿಂದ ಏಳು, ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ.