ಐಸ್‌ಕ್ರೀಂ ಮಾಡೋಕೆ ಎರಡು ಕಿಲೋ ಕಲ್ಲುಪ್ಪು

ಮೇ ತಿಂಗಳಲ್ಲಿ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಮನೆಯೊಳಗೆ ಕೂರಿಸಿದರೆ ಮೊಬೈಲ್ ಕೆಳಗಿಡುವುದಿಲ್ಲ. ಎರಡು ವರ್ಷದ ಹಿಂದೆ "ಬನ್ನಿ, ಐಸ್‌ಕ್ರೀಂ ಮಾಡೋಣ" ಎಂದು ಕರೆದದ್ದು ಆ ಕಾಟಕ್ಕೇ.

ಮೊದಲ ಸಲ ಎಲ್ಲರೂ ಮಾಡುವಂತೆಯೇ ಮಾಡಿದೆ. ಫ್ರೆಶ್ ಕ್ರೀಮ್, ಕಂಡೆನ್ಸ್ಡ್ ಮಿಲ್ಕ್, ಹಾಪುಸ್ ಮಾವಿನ ರಸ ಎಲ್ಲ ಕಲಸಿ ಡಬ್ಬಿಯಲ್ಲಿ ಫ್ರೀಜರ್‌ಗೆ ಇಟ್ಟೆ. ಕಲಸುವುದಕ್ಕೆ ಹತ್ತು ನಿಮಿಷ, ಕಾಯುವುದಕ್ಕೆ ಎಂಟು ಗಂಟೆ. ಮಕ್ಕಳು ಕಾಯುತ್ತಾರಾ? ಐದೈದು ನಿಮಿಷಕ್ಕೆ ಬಾಗಿಲು ತೆಗೆದು ಬೆರಳು ಹಾಕಿ ನೋಡಿದರು. ರಾತ್ರಿ ತೆಗೆದರೆ ಚಮಚ ಬಾಗಿತು, ಐಸ್‌ಕ್ರೀಂ ಅಲ್ಲಾಡಲಿಲ್ಲ. ಬಾಯಿಗಿಟ್ಟರೆ ಐಸ್ ಚೂರು ಕಟಕಟ. "ಅಮ್ಮಾ, ಅಂಗಡೀದೇ ತರೋಣ" ಎಂದಳು ಮಗಳು.

ಅತ್ತೆಗೆ ಮಾತು ಶುರು ಮಾಡಲು ಅಷ್ಟು ಸಾಕಾಯಿತು. ನ್ಯಾಚುರಲ್ಸ್ ಐಸ್‌ಕ್ರೀಂ ಶುರು ಮಾಡಿದ ರಘುನಂದನ ಕಾಮತರು ನಮ್ಮ ಮುಲ್ಕಿಯವರು, ಹಣ್ಣಿನ ವ್ಯಾಪಾರಿಯ ಮಗ, 1984ರಲ್ಲಿ ಜುಹುವಿನಲ್ಲಿ ಅಂಗಡಿ ಹಾಕಿದರು ಎಂಬ ಕಥೆ ಇನ್ನೊಮ್ಮೆ ಆಯಿತು. ಕಪ್ ತಂದಾಗಲೆಲ್ಲ ನಮ್ಮಲ್ಲಿ ಇದು ಆಗುತ್ತದೆ. ಆದರೆ ಆವತ್ತು ಅವರು ಇನ್ನೊಂದು ಮಾತು ಸೇರಿಸಿದರು. "ಹಿಂದೆ ಮದುವೆ ಮನೆಯಲ್ಲಿ ಫ್ರೀಜರ್ ಎಲ್ಲಿತ್ತು? ಮರದ ಬಕೆಟಿಗೆ ಐಸು, ಉಪ್ಪು ತುಂಬಿ ಒಳಗಿನ ಡಬ್ಬಿ ತಿರುಗಿಸ್ತಿದ್ರು. ತಿರುಗಿಸೋದಕ್ಕೆ ಮಕ್ಕಳದೇ ಜಗಳ."

ಅಲ್ಲಿ ನನಗೆ ಹೊಳೆಯಿತು. ಮಕ್ಕಳಿಗೆ ಬೇಕಾದದ್ದು ಆ ತಿರುಗಿಸುವ ಕೆಲಸ!

ಮರುದಿನ ಕಿರಾಣಿ ಅಂಗಡಿಯಲ್ಲಿ ಎರಡು ಕಿಲೋ ಖಡೇ ಮೀಠ, ಅಂದರೆ ಕಲ್ಲುಪ್ಪು ಕೇಳಿದೆ. ಉಪ್ಪಿನಕಾಯಿಗಾ ಎಂದ ಅಂಗಡಿಯವ. ಐಸ್‌ಕ್ರೀಮಿಗೆ ಎಂದೆ. ಅವನು ಮುಂದೆ ಮಾತಾಡಲಿಲ್ಲ. ಐಸ್ ಮಾತ್ರ ಕ್ಯೂಬಿನ ಪೊಟ್ಟಣವೇ ತಂದೆ. ಮೀನು ಮಾರ್ಕೆಟ್‌ನಲ್ಲಿ ಅಗ್ಗ ಸಿಗುತ್ತದೆ ನಿಜ, ಆದರೆ ಅದು ತಿನ್ನುವ ಐಸಲ್ಲ. ಅಂಥದ್ದಕ್ಕೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಮಹಾರಾಷ್ಟ್ರದಲ್ಲಿ ಹೇಳಿದ್ದೂ ಅದಕ್ಕೇ. ನಮ್ಮ ಐಸ್ ಡಬ್ಬಿಯ ಹೊರಗೇ ಇರುತ್ತದೆ, ಸರಿ. ಆದರೆ ಮಕ್ಕಳ ಕೈ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಲ್ವಾ.

ನನ್ನ ಅಳತೆ ಹೀಗಿದೆ. ಅರ್ಧ ಲೀಟರ್ ಗಟ್ಟಿ ಹಾಲನ್ನು ಮುಕ್ಕಾಲು ಪಾಲು ಆಗುವ ತನಕ ಕುದಿಸಿ, ಆರು ಚಮಚ ಸಕ್ಕರೆ ಹಾಕಿ ಆರಿಸುತ್ತೇನೆ. 250 ಎಂಎಲ್ ಕ್ರೀಮ್ ಸೇರಿಸುತ್ತೇನೆ. ಎರಡು ಹಾಪುಸ್ ರಸವನ್ನು ಸಣ್ಣ ಉರಿಯಲ್ಲಿ ಸ್ವಲ್ಪ ಬತ್ತಿಸಿ ಹಾಕುತ್ತೇನೆ, ಇಲ್ಲದಿದ್ದರೆ ಹಣ್ಣಿನ ನೀರೆಲ್ಲ ಐಸ್ ಚೂರಾಗುತ್ತದೆ. ಸಕ್ಕರೆ ಕಡಿಮೆ ಮಾಡಲು ಹೋಗಬೇಡಿ. ಐಸ್‌ಕ್ರೀಂ ಕಲ್ಲಾಗದಂತೆ ತಡೆಯುವುದು ಅದೇ. ಈ ಹಾಲು ರಾತ್ರಿಯಿಡೀ ಫ್ರಿಜ್‌ನಲ್ಲಿ ತಣ್ಣಗಾಗಬೇಕು. ಇದೊಂದು ಕೆಲಸ ಹಿಂದಿನ ದಿನ ನಾನೇ ಸುಮ್ನೆ ಮುಗಿಸಿಟ್ಟಿರುತ್ತೇನೆ.

ಮಾರನೇ ದಿನ ಸ್ಟೀಲ್ ಬಕೆಟ್, ಅದರೊಳಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಡಬ್ಬಿ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ. ಸುತ್ತ ಮೂರು ಪಾಲು ಐಸ್, ಒಂದು ಪಾಲು ಉಪ್ಪು, ಒಂದರ ಮೇಲೊಂದು ಪದರ. ಮಕ್ಕಳು ಸರದಿಯಲ್ಲಿ ಡಬ್ಬಿಯನ್ನು ಗರಗರ ತಿರುಗಿಸುತ್ತಾರೆ. ಐದು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆಗೆದು, ಗೋಡೆಗೆ ಕಚ್ಚಿದ್ದನ್ನು ಮರದ ಸೌಟಿನಿಂದ ಕೆರೆದು ನಡುವೆ ಸೇರಿಸಬೇಕು. ಐಸ್ ಹರಳು ದೊಡ್ಡದಾಗದಂತೆ ತಡೆಯುವುದು ಈ ಕೆರೆತ. ಅರ್ಧ ಗಂಟೆಯಲ್ಲಿ ಮೆತ್ತನೆ ಐಸ್‌ಕ್ರೀಂ ತಯಾರು.

ಆವತ್ತು ಕೆಳಮನೆಯ ಹುಡುಗ ಕೇಳಿದ ಪ್ರಶ್ನೆಗೆ ನಾನೇ ತಡವರಿಸಿದೆ. "ಕಾಕೂ, ಉಪ್ಪು ಹಾಕಿದ್ರೆ ಐಸ್ ಕರಗ್ತಿದೆ. ಮತ್ತೆ ಹಾಲು ಹೇಗೆ ಗಟ್ಟಿಯಾಗ್ತಿದೆ?" ಕರಗೋದಕ್ಕೆ ಐಸಿಗೆ ಬಿಸಿ ಬೇಕು, ಅದನ್ನು ಹಾಲಿನಿಂದ ಕಿತ್ತುಕೊಳ್ಳುತ್ತದೆ ಎಂದೆ. ಬರೀ ಐಸ್ ಸೊನ್ನೆ ಡಿಗ್ರಿಯಲ್ಲೇ ಕರಗುತ್ತದೆ. ಉಪ್ಪು ಬೆರೆತರೆ ಮೈನಸ್ 10ಕ್ಕೂ ಕೆಳಗೆ ಇಳಿಯುತ್ತದೆ, ಅಳತೆ ಸರಿಯಾಗಿ ಕೂತರೆ ಮೈನಸ್ 21ರ ತನಕವೂ. ಹಾಗಾಗಿ ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಚರ್ಮ ಸುಟ್ಟಂತೆ ಉರಿಯುತ್ತದೆ. ನಮ್ಮಲ್ಲಿ ಎಲ್ಲರ ಕೈಗೂ ಹಳೆ ಟವೆಲ್ ತುಂಡು.

ಎಡವಟ್ಟುಗಳೂ ಆದವು. ಚಿಕ್ಕವರಿಗೆ ಅಂತ ಜಿಪ್ ಕವರಿನಲ್ಲಿ ಹಾಲು, ಇನ್ನೊಂದು ದೊಡ್ಡ ಕವರಿನಲ್ಲಿ ಐಸ್ ಉಪ್ಪು ಹಾಕಿ ಅಲ್ಲಾಡಿಸಲು ಕೊಟ್ಟೆ. ಹತ್ತೇ ನಿಮಿಷದ ಕೆಲಸ. ಒಂದು ಕವರ್ ಸೋರಿ ಐಸ್‌ಕ್ರೀಂ ಸಮುದ್ರದ ನೀರಿನಂತಾಯಿತು. ಈಗ ಒಳಗೆ ಎರಡು ಕವರ್ ಹಾಕುತ್ತೇನೆ. ಉಳಿದ ಉಪ್ಪುನೀರನ್ನು ಯೋಚಿಸದೆ ಬಾಲ್ಕನಿಯ ಕರಿಬೇವಿಗೆ ಸುರಿದೆ. ವಾರದಲ್ಲಿ ಗಿಡ ಬೋಳು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಊರಿಂದ ತಂದ ಗಿಡ ಅದು.

ಈ ಸಲ ರಜೆ ಶುರುವಾದ ಮೊದಲ ಭಾನುವಾರ, ನಾನಿನ್ನೂ ಚಹಾ ಕುಡಿಯುತ್ತಿದ್ದೆ, ಬೆಲ್ ಆಯಿತು. ಕೆಳಮನೆಯ ಹುಡುಗ. ಕೈಯಲ್ಲಿ ಉಪ್ಪಿನ ಪೊಟ್ಟಣ. "ಕಾಕೂ, ಮೀಠ ಆಣಲಂಯ."