ಹಳೆಯ ಹಾಯಿನೌಕೆಯ ಗೂನು ಇಳಿಸಿದ ನನ್ನ ಅನುಭವ

ಮರದ ನೌಕೆಗೆ ಒಮ್ಮೆ ಗೂನು ಬಂತೆಂದರೆ, ಅಂದರೆ ತುದಿಗಳು ಜೋತು ನಡು ಮೇಲೆದ್ದರೆ, ಅದು ಹೋಗುವುದಿಲ್ಲ, ತಳದ ಉದ್ದಕ್ಕೂ ಇರುವ ಕೀಲ್ ಮರದ ಸಮೇತ ಬೆನ್ನೆಲುಬನ್ನೇ ಹೊಸದಾಗಿ ಕೂರಿಸಬೇಕು ಎಂದು ಈ ಕಸುಬಿನಲ್ಲಿ ನನಗಿಂತ ಹಿರಿಯರಾದ ಮೂವರು ಹೇಳಿದ್ದರು. ನೌಕೆಯನ್ನು ಪರೀಕ್ಷಿಸಿದ ಸರ್ವೇಯರ್, ಅದರ ಕೆಳಗೆ ಭಾರಕ್ಕೆಂದು ಬಿಗಿದಿದ್ದ ಸೀಸದ ಕೀಲನ್ನೂ ಕಂಚಿನ ಸಾಮಾನನ್ನೂ ಬಿಚ್ಚಿ ಮಾರಿ ಉಳಿದದ್ದನ್ನು ಒಡೆದುಹಾಕುವುದೇ ಲೇಸೆಂದು ಬರೆದುಕೊಟ್ಟಿದ್ದರು. ಆ ನೌಕೆ ಈಗ ಮೂರು ಹಂಗಾಮು ಕಡಲಿನಲ್ಲಿ ಓಡಿದೆ. ನೀರಿಗಿಳಿಸುವ ಹೊತ್ತಿಗೆ ಅದರ ಗೂನಿನಲ್ಲಿ ಆರರಲ್ಲಿ ಐದು ಪಾಲು ಇಳಿದಿತ್ತು. ಹಳೆಯ ಕೀಲ್ ಮರ ಇಂದಿಗೂ ಅದೇ. ಹೇಗೆ ಮಾಡಿದಿರಿ ಎಂದು ಕೇಳುವವರು ಹೆಚ್ಚಿದ್ದರಿಂದ ಬರೆಯುತ್ತಿದ್ದೇನೆ. ಅಳತೆಗಳನ್ನು ನೆನಪಿನಿಂದ ಕೊಟ್ಟಿರುವುದರಿಂದ ಒಂದೆರಡು ಮಿಲಿಮೀಟರ್ ಆಚೀಚೆ ಇರಬಹುದು.

ನೌಕೆ 1930ರ ದಶಕದ್ದು. ಉದ್ದ ಸುಮಾರು 16 ಮೀಟರ್, ನೀರಿನ ಮಟ್ಟ ತಾಗುವ ನೀರ್ಗೆರೆಯಲ್ಲಿ 11 ಮೀಟರ್, ಉಳಿದದ್ದೆಲ್ಲ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡ ತುದಿಗಳು. ಓಕ್ ಪಕ್ಕೆಲುಬುಗಳ ಮೇಲೆ 34 ಮಿಲಿಮೀಟರ್ ದಪ್ಪದ ಮಹಾಗನಿ ಹಲಗೆ, ತಾಮ್ರದ ರಿವೆಟ್, ಕೆಳಗೆ ಹೆಚ್ಚುಕಡಿಮೆ ಒಂಬತ್ತು ಟನ್ ಸೀಸ. ಒಳಗಿನ ಕೋಣೆಯಲ್ಲಿ ಒಂದೇ ದಿಮ್ಮಿಯಿಂದ ಸೀಳಿದ ಹಲಗೆಗಳನ್ನು ಎಡಬಲ ಎಳೆ ಹೊಂದುವಂತೆ ಕೂರಿಸಿದ್ದರು. ಒಂದು ಸ್ಕ್ರೂವಿನ ತಲೆಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂಥ ಕೆಲಸವನ್ನು ಮಾಡಿದ ಕೈಗಳ ಮೇಲಿನ ಗೌರವವೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ನಾನು ಮೊದಲ ಸಲ ನೋಡಿದಾಗ ಅದು ನೀರಿನಿಂದ ಮೇಲೆ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು. ಆ ಹಲಗೆಗಳ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳಿದ್ದವು, ಡೆಕ್ಕಿನ ನೀರು ಹೋಗುವ ತೂತುಗಳಲ್ಲಿ ಎಲೆ ಕೊಳೆತು ಮಣ್ಣಾಗಿತ್ತು, ಒಡಲಿನ ತಳದ ಕುಳಿಯಾದ ಬಿಲ್ಜ್‌ನಲ್ಲಿ ಮೊಣಕಾಲುದ್ದ ಸಿಹಿನೀರು ನಿಂತಿತ್ತು.

ಅದನ್ನು ಯಾರೂ ಬೇಕೆಂದು ಕೆಡಿಸಿರಲಿಲ್ಲ. ಒಬ್ಬರು ಮುಂದಿನ ವರ್ಷ ಡೆಕ್ ಮಾಡಿಸೋಣವೆಂದು ಮೇಲೆತ್ತಿಸಿದರು. ಇನ್ನೊಬ್ಬರು ಹೊದಿಕೆ ಹರಿದಾಗ ಹೊಸದು ತರಲಿಲ್ಲ. ಮತ್ತೊಬ್ಬರು ಆಸರೆ ಕಂಬಗಳ ಬಾಡಿಗೆ ಉಳಿಸಲು ತುದಿಗಳ ಕೆಳಗಿದ್ದ ನಾಲ್ಕನ್ನು ತೆಗೆಸಿದರು. ಈ ಮೂರನೆಯದೇ ಗೂನಿನ ಮೂಲ. ಭಾರವೆಲ್ಲ ಕೀಲ್‌ನ ನಡುಭಾಗದ ದಿಮ್ಮಿಗಳ ಮೇಲೆ ಕೂತು, ಎರಡು ಕಡೆಯ ಉದ್ದನೆಯ ತುದಿಗಳು ಆಸರೆಯಿಲ್ಲದೆ ವರ್ಷವರ್ಷವೂ ಜೋತುಬಿದ್ದವು. ಕಟ್ಟಿದವರು ಹಲಗೆಯಲ್ಲಿ ಕೊರೆದಿದ್ದ ನೀರ್ಗೆರೆಗೆ ದಾರ ಕಟ್ಟಿ ನೋಡಿದೆ. ಹುಟ್ಟಿದಾಗ ನೂಲು ಹಿಡಿದಂತೆ ನೇರವಾಗಿದ್ದ ಆ ಗೆರೆ ನಡುವಿನಲ್ಲಿ 62 ಮಿಲಿಮೀಟರ್ ಮೇಲೆದ್ದಿತ್ತು.

ನೆಲದ ಮೇಲಿಟ್ಟ ನೌಕೆ ಸುರಕ್ಷಿತ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಕೆಸರಿನಲ್ಲೂ ನೀರಿನಲ್ಲೂ ಬಿದ್ದಿದ್ದ ನೌಕೆಗಳು ಮತ್ತೆ ಓಡಿವೆ. 1933ರ ಪಂದ್ಯದ ನೌಕೆ ವೆಲ್ಷೀಡಾ ಇಂಗ್ಲೆಂಡಿನ ಹ್ಯಾಂಬಲ್ ನದಿಯ ಕೆಸರಿನಲ್ಲಿ ದಶಕಗಟ್ಟಲೆ ಕೂತಿತ್ತು. 1934ರಲ್ಲಿ ಹಾಯಿನೌಕೆಗಳ ಹೆಸರಾಂತ ಪಂದ್ಯವಾದ ಅಮೆರಿಕಾಸ್ ಕಪ್‌ಗೆ ಸೆಣಸಿದ ಎಂಡೆವರ್ ಮೆಡಿನಾ ನದಿಯಲ್ಲಿ ಮುಳುಗಿ, 1970ರ ದಶಕದಲ್ಲಿ ಕೇವಲ 10 ಪೌಂಡಿಗೆ ಕೈಬದಲಾಯಿತು. 1989ರಲ್ಲಿ ಮತ್ತೆ ಹಾಯಿ ಬಿಚ್ಚಿತು. ಅವೆರಡೂ ಉಕ್ಕಿನವು, ಅವುಗಳ ಮಾತು ಬೇರೆ ಎನ್ನಬಹುದು. ಹಾಗಾದರೆ ಮರದ ಜಿಪ್ಸಿ ಮಾತ್ 4 ಅನ್ನು ನೋಡಿ. 1966–67ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬರೇ ಅದರಲ್ಲಿ ಭೂಮಿಯನ್ನು ಸುತ್ತಿಬಂದರು. ಬಳಿಕ ಅದನ್ನು ಗೌರವದಿಂದ ಗ್ರೀನಿಚ್‌ನಲ್ಲಿ ನೆಲದ ಮೇಲೆ ನಿಲ್ಲಿಸಿ ಜನರಿಗೆ ತೋರಿಸಿದರು. ದಕ್ಷಿಣದ ಮಹಾಸಾಗರವನ್ನು ತಡೆದುಕೊಂಡ ಆ ಒಡಲು ಅಲ್ಲಿಯೇ ಹಾಳಾಗುತ್ತ ಬಂದು, 2005ರಲ್ಲಿ ದೊಡ್ಡ ದುರಸ್ತಿಯ ನಂತರವೇ ನೀರಿಗೆ ಮರಳಿತು. ಉಪ್ಪುನೀರು ಮರವನ್ನು ಕಾಯುತ್ತದೆ. ಕುಂಬು ಹಿಡಿಸುವುದು ಮಳೆನೀರು, ಜೋಡಣೆ ಸಡಿಲಿಸುವುದು ಬಿಸಿಲು. ನನ್ನ ವಿಧಾನವೆಲ್ಲ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ.

ಆದರೂ ಮೊದಲ ಪ್ರಯತ್ನದಲ್ಲಿ ನಾನು ಅದನ್ನು ಮರೆತೆ. ನೌಕೆಯನ್ನು ಒಣ ಶೆಡ್ಡಿಗೆ ತಂದು, ಒಳಸಾಮಾನನ್ನೆಲ್ಲ ಬಿಚ್ಚಿ, ತುದಿಗಳಿಗೆ ಜಾಕ್ ಕೊಟ್ಟು ಒಂದೇ ದಿನದಲ್ಲಿ ಆರು ಮಿಲಿಮೀಟರ್ ಎತ್ತಿದೆ. ಸಂಜೆ ಎಡಗಡೆಯ ಗಾರ್ಬೋರ್ಡ್, ಅಂದರೆ ಕೀಲ್ ಮರಕ್ಕೆ ತಾಗಿದ ಮೊದಲ ಹಲಗೆ, ಎರಡು ಮೀಟರ್ ಉದ್ದಕ್ಕೆ ಸೀಳಿತು, ಪಕ್ಕದ ಎರಡು ಪಕ್ಕೆಲುಬುಗಳು ಮುರಿದವು. ತೇವಮಾಪಕ ಇಟ್ಟು ನೋಡಿದರೆ ಬಿಸಿಲು ಬೀಳುತ್ತಿದ್ದ ಕಡೆಯ ಹಲಗೆಗಳಲ್ಲಿ ತೇವಾಂಶ ಶೇಕಡಾ 9–10 ಮಾತ್ರ ಇತ್ತು. ಅಷ್ಟು ಒಣಗಿದ ಮರ ಬಾಗುವುದಿಲ್ಲ, ಒಡೆಯುತ್ತದೆ. ಇದು ಗೊತ್ತಿದ್ದೂ ಅವಸರಪಟ್ಟೆ. ಎರಡನೆಯ ಪ್ರಯತ್ನದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗುಡಾರ ಕಟ್ಟಿ ಒಳಗೆ ಸಿಹಿನೀರಿನ ತುಂತುರು ಬಿಟ್ಟೆ. ಹಲಗೆಗಳು ಉಬ್ಬಿದವು ನಿಜ, ಆದರೆ ಏಳನೆಯ ವಾರಕ್ಕೆ ಡೆಕ್ ತೊಲೆಗಳ ತುದಿಗಳಲ್ಲಿ ಬಿಳಿ ಬೂಸ್ಟು ಹಬ್ಬಿತು. ಗಟ್ಟಿಯಾಗಿದ್ದ ನಾಲ್ಕು ತೊಲೆಗಳು ನನ್ನ ಕೈಯಿಂದಲೇ ಕುಂಬಾದವು. ಇವೆರಡು ತಪ್ಪುಗಳು ಸೇರಿ ಒಂದು ವರ್ಷವನ್ನೂ, ನಾನು ಇಟ್ಟುಕೊಂಡಿದ್ದ ಹಣದ ಐದನೆಯ ಒಂದು ಪಾಲನ್ನೂ ತಿಂದವು.

ಮೂರನೆಯ ಸಲ ಶೆಡ್ಡಿನ ಬಿಸಿಲು ಬೀಳುವ ಕಡೆಯನ್ನು ಮುಚ್ಚಿ, ಒಡಲಿನ ಹೊರಗೂ ಒಳಗೂ ಗೋಣಿತಾಟು ಹೊದಿಸಿ, ಕಡಲಿನ ನೀರಿಗಿಂತ ಗಟ್ಟಿಯಾದ ಉಪ್ಪುನೀರನ್ನು ದಿನಕ್ಕೆರಡು ಸಲ ಹನಿಸಿದೆ. ಹಿಂದೆ ಮರದ ಹಡಗು ಕಟ್ಟುವವರು ಪಕ್ಕೆಲುಬುಗಳ ನಡುವೆ ಉಪ್ಪು ತುಂಬುತ್ತಿದ್ದರು; ಅದೇ ವಿಚಾರ ಇದು. ಉಪ್ಪಿನೊಂದಿಗೆ ಕುಂಬು ತಡೆಯುವ ಬೋರೇಟನ್ನೂ ಬೆರೆಸಿದ್ದೆ. ಅದರ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ; ಮೂರು ತಿಂಗಳು ಮರದ ತುಂಡುಗಳ ಮೇಲೆ ಪರೀಕ್ಷಿಸಿ ಕಂಡುಕೊಂಡದ್ದು ಅದು. ಕಬ್ಬಿಣದ ಸಾಮಾನೆಲ್ಲವನ್ನೂ ಮೊದಲೇ ತೆಗೆದಿರಬೇಕು, ಇಲ್ಲವಾದರೆ ಉಪ್ಪು ಅದನ್ನು ತಿಂದುಹಾಕುತ್ತದೆ. ಹಲಗೆಗಳ ತೇವಾಂಶ ಎಲ್ಲೆಡೆ ಶೇಕಡಾ 18–20ಕ್ಕೆ ಬರಲು ಹದಿಮೂರು ವಾರ ಹಿಡಿಯಿತು. ಅಷ್ಟರೊಳಗೆ ನೀರು ಬಾರದಂತೆ ಹಲಗೆಗಳ ಸಂದುಗಳಲ್ಲಿ ತುಂಬಿದ್ದ ಹಳೆಯ ಹತ್ತಿಯನ್ನೂ ಪುಟ್ಟಿಯನ್ನೂ ಪೂರ್ತಿ ಕೆರೆದು ತೆಗೆದೆ. ಈ ಕೆಲಸವನ್ನು ಬಿಟ್ಟವರು ಜಾಕನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ, ಏಕೆಂದರೆ ಸಂದಿನಲ್ಲಿ ಗಟ್ಟಿಗೊಂಡ ಪುಟ್ಟಿ ಸಾವಿರ ಬೆಣೆಗಳಂತೆ ಗೂನನ್ನು ಹಿಡಿದು ನಿಲ್ಲಿಸಿರುತ್ತದೆ.

ಎಲ್ಲರೂ ಸಂಶಯಪಟ್ಟದ್ದು ಮುಂದಿನ ಹೆಜ್ಜೆಯನ್ನು. ಸೀಸವನ್ನು ಮೊದಲು ಕಳಚಿ ಭಾರ ಇಳಿಸಿಕೋ ಎಂದರು. ನಾನು ಅದಕ್ಕೆ ವಿರುದ್ಧವಾಗಿ ಸೀಸವನ್ನು ಮರಕ್ಕೆ ಬಿಗಿಯುವ ನಡುವಿನ ನಾಲ್ಕು ಕೀಲ್ ಬೋಲ್ಟ್‌ಗಳನ್ನು ಹೊಸದಾಗಿ ಕಂಚಿನಲ್ಲಿ ಹಾಕಿ, ಸೀಸವನ್ನು ಅಲ್ಲಿಯೇ ಬಿಟ್ಟೆ. ತುದಿಗಳ ಕೆಳಗೆ ಹದಿನಾಲ್ಕು ಅಗಲ ಮೆತ್ತೆಗಳನ್ನು, ಪ್ರತಿಯೊಂದೂ ಕನಿಷ್ಠ ಮೂರು ಪಕ್ಕೆಲುಬುಗಳಿಗೆ ಅಡ್ಡಲಾಗುವಂತೆ, ಜಾಕ್‌ಗಳ ಮೇಲೆ ಕೂರಿಸಿದೆ. ಸೀಸದ ಕೆಳಗಿನ ದಿಮ್ಮಿಗಳ ಮೇಲೆ ಮೊದಲೇ ತೆಳ್ಳನೆಯ ಪ್ಲೈವುಡ್ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದೆ. ವಾರಕ್ಕೊಮ್ಮೆ ಒಂದು ಪಟ್ಟಿ ತೆಗೆಯುವುದು, ಅಂದರೆ ಒಂದೂವರೆ ಮಿಲಿಮೀಟರ್, ಅಷ್ಟೆ. ತುದಿಗಳನ್ನು ಎತ್ತುವ ಬದಲು ನಡುವನ್ನು ಇಳಿಯಲು ಬಿಟ್ಟೆ. ಒಂಬತ್ತು ಟನ್ ಸೀಸ ಹಗಲಿರುಳೂ ಕೂಲಿಯಿಲ್ಲದೆ ನನಗಾಗಿ ದುಡಿಯಿತು. ಪಟ್ಟಿ ತೆಗೆದ ಮೂರು ದಿನ ಏನೂ ಕಾಣುತ್ತಿರಲಿಲ್ಲ, ನಾಲ್ಕನೆಯ ದಿನ ಕೀಲ್ ಮೆಲ್ಲಗೆ ಕೆಳಗೆ ತಾಗುತ್ತಿತ್ತು. ತಾಗದ ವಾರ ಮುಂದಿನ ಪಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಮೊದಲ 40 ಮಿಲಿಮೀಟರಿಗೆ ಏಳು ತಿಂಗಳು, ಮುಂದಿನ 12ಕ್ಕೆ ನಾಲ್ಕು ತಿಂಗಳು ಬೇಕಾದವು. ಆ ಹನ್ನೆರಡು ಮಿಲಿಮೀಟರನ್ನು ಕೊಡಿಸಿದ್ದು ಕೀಲ್‌ಗೂ ಹಿಂಭಾಗದ ಮರಕ್ಕೂ ನಡುವಿನ ಜೋಡಣೆಯಲ್ಲಿ ನಾನು ಮಾಡಿದ ಒಂದು ಸಣ್ಣ ಸಡಿಲಿಕೆ. ಅದನ್ನು ಎದುರಿಗೆ ನಿಂತು ತೋರಿಸಬಲ್ಲೆ, ಬರೆದು ತಿಳಿಸಿದರೆ ಯಾರಾದರೂ ನೌಕೆಯನ್ನೇ ಎರಡಾಗಿಸಿಯಾರು.

ಆಕಾರ ಮರಳಿದ ಮೇಲೆಯೇ ಹೊಸ ಪಕ್ಕೆಲುಬು ಹಾಕಬೇಕು. ಅನೇಕರು ಮುರಿದ ಪಕ್ಕೆಲುಬುಗಳನ್ನು ಕಂಡ ಕೂಡಲೇ ಬದಲಿಸಿಬಿಡುತ್ತಾರೆ. ಹಾಗೆ ಮಾಡಿದರೆ ಗೂನಿಗೇ ಹೊಸ ಎಲುಬು ಕೊಟ್ಟಂತಾಗುತ್ತದೆ. ಅರವತ್ತೆರಡರಲ್ಲಿ ನಲವತ್ತಾರನ್ನು ಬದಲಿಸಿದೆ, ನಡುವಿನಿಂದ ತುದಿಗಳ ಕಡೆಗೆ, ಮೂರಕ್ಕೊಂದರಂತೆ. ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಎಂದೂ ತೆಗೆಯಲಿಲ್ಲ. ಮೊದಲು ಬಿಸಿಗೂಡಿನಲ್ಲಿ ಒಣಗಿಸಿದ ಓಕ್ ತಂದು ಮೋಸಹೋದೆ: ಹನ್ನೆರಡರಲ್ಲಿ ಏಳು ಬಾಗಿಸುವಾಗಲೇ ಸೀಳಿದವು. ಹಸಿ ಓಕ್ ತಂದ ಮೇಲೆ, ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಹಬೆ ಎಂಬ ಎಲ್ಲರಿಗೂ ಗೊತ್ತಿರುವ ಲೆಕ್ಕವೇ ಸಾಕಾಯಿತು. ಹಿಂಭಾಗದ ತೀವ್ರ ತಿರುವಿನಲ್ಲಿ ಮಾತ್ರ ಒಂದೇ ದಪ್ಪ ಮರವನ್ನು ಬಿಟ್ಟು, ಅರ್ಧ ದಪ್ಪದ ಎರಡನ್ನು ಒಂದರ ಮೇಲೊಂದು ಬಾಗಿಸಿದೆ. ಹಬೆಪೆಟ್ಟಿಗೆಯಿಂದ ತೆಗೆದ ಮರ ಅರ್ಧ ನಿಮಿಷದೊಳಗೆ ಜಾಗದಲ್ಲಿ ಕೂರದಿದ್ದರೆ ಅದನ್ನು ಬಿಟ್ಟುಬಿಡುವುದೇ ವಾಸಿ.

ಈ ನಡುವೆ ಸತುವಿನ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ಕಡಲಿನ ನೀರಿನಲ್ಲಿ ತಾನು ಸವೆದು ಕಂಚನ್ನು ಕಾಯಲೆಂದು ನೌಕೆಗೆ ಸತುವನ್ನು ಕಟ್ಟುತ್ತಾರೆ. ಹಿಂದಿನ ಮಾಲೀಕರಲ್ಲೊಬ್ಬರು ಕಂಚಿನ ಸಾಮಾನನ್ನೆಲ್ಲ ತಾಮ್ರದ ಪಟ್ಟಿಯಿಂದ ಜೋಡಿಸಿ, ಹೊರಗೆ ದೊಡ್ಡ ದೊಡ್ಡ ಸತುವಿನ ಗಟ್ಟಿಗಳನ್ನು ಕಟ್ಟಿದ್ದರು. ಕಂಚೆಲ್ಲ ಹೊಸದರಂತಿತ್ತು, ಅದರ ಸುತ್ತಲಿನ ಮರ ಮಾತ್ರ ಬಿಳಿಪುಡಿ ಹಿಡಿದು, ನಾರಿನಂತೆ ಬೆರಳಿಗೆ ಬಿಡಿಸಿಕೊಂಡು ಬರುತ್ತಿತ್ತು. ಇದು ಕುಂಬು ಎಂದು ಸರ್ವೇಯರ್ ಬರೆದಿದ್ದರು, ನನಗೆ ಹಾಗನಿಸಲಿಲ್ಲ. ಎರಡು ಬಕೆಟ್ ಉಪ್ಪುನೀರಿನಲ್ಲಿ ಕಂಚಿನ ಬೋಲ್ಟ್ ಹಾಕಿದ ಎರಡು ಮಹಾಗನಿ ತುಂಡುಗಳನ್ನು ಮುಳುಗಿಸಿ, ಒಂದರ ಬೋಲ್ಟಿಗೆ ಮಾತ್ರ ಸತುವನ್ನು ತಂತಿಯಿಂದ ಸೇರಿಸಿದೆ. ಒಂಬತ್ತು ತಿಂಗಳ ನಂತರ ಸತುವಿದ್ದ ತುಂಡಿನಲ್ಲಿ ಬೋಲ್ಟಿನ ಸುತ್ತ ಮರ ಉಗುರಿಗೆ ಮಣಿಯುತ್ತಿತ್ತು, ಆಮ್ಲ-ಕ್ಷಾರ ತೋರಿಸುವ ಪಿಎಚ್ ಕಾಗದ ಒತ್ತಿದರೆ ಕಡುನೀಲಿಗೆ ತಿರುಗುತ್ತಿತ್ತು. ಇನ್ನೊಂದು ಗಟ್ಟಿಯಾಗಿಯೇ ಇತ್ತು. ಅತಿಯಾದ ಸತುವಿನಿಂದ ಲೋಹದ ಬಳಿ ಹುಟ್ಟುವ ಕ್ಷಾರ ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಅನ್ನು ಕರಗಿಸುತ್ತದೆ. ಜೋಡಣೆಯ ಪಟ್ಟಿಗಳನ್ನೆಲ್ಲ ಕತ್ತರಿಸಿದೆ, ಹಾಳಾದ ಆರು ಕಡೆ ಮರವನ್ನು ಕೆತ್ತಿ ತೇಪೆ ಕೂರಿಸಿದೆ. ಈಗ ಇರುವುದು ಪ್ರೊಪೆಲರಿನ ದಂಡದ ಮೇಲಿನ ಒಂದೇ ಸತು. ಅಗಸೆ ಎಣ್ಣೆಯನ್ನು ಬಿಸಿಮಾಡಿ ಹಲಗೆಗಳಿಗೆ ಕುಡಿಸುವ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಅದರಿಂದ ಬಣ್ಣ ಆರು ವಾರ ಒಣಗಲಿಲ್ಲ ಎನ್ನುವುದನ್ನು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಫೈಬರ್ ಗ್ಲಾಸ್ ಹೊದಿಸಿಬಿಡು ಎಂದವರಿಗೆ ನನ್ನ ಉತ್ತರ ಒಂದೇ: ಒಳಗೆ ಸಿಕ್ಕಿಕೊಂಡ ನೀರು ಹೊರಬರಲು ದಾರಿಯಿಲ್ಲದ ಮರದ ಒಡಲನ್ನು ನಾನು ಕಟ್ಟುವುದಿಲ್ಲ.

ಹಣದ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೌಕೆಯನ್ನು ಹೆಚ್ಚುಕಡಿಮೆ ಅದರ ಸೀಸದ ಗುಜರಿ ಬೆಲೆಗೆ ಕೊಂಡೆ. ಮಾರಿದವರೂ ಅದೇ ಲೆಕ್ಕ ಹಾಕಿದ್ದರು. ದುರಸ್ತಿಗೆ ಕೊಂಡ ಬೆಲೆಯ ನಾಲ್ಕು ಪಟ್ಟು ಸಾಕೆಂದು ಅಂದಾಜಿಸಿದ್ದೆ, ಆದದ್ದು ಹನ್ನೊಂದು ಪಟ್ಟು. ಮರಕ್ಕೆ ಹೋದದ್ದು ಅದರಲ್ಲಿ ಏಳನೆಯ ಒಂದು ಪಾಲು ಮಾತ್ರ. ಎಲ್ಲಕ್ಕಿಂತ ಹೆಚ್ಚು ನುಂಗಿದ್ದು ಶೆಡ್ಡಿನ ಬಾಡಿಗೆ, ಹತ್ತಿರ ಹತ್ತಿರ ಮೂರನೆಯ ಒಂದು ಪಾಲು. ನಿಧಾನದ ವಿಧಾನಕ್ಕೆ ತೆರಬೇಕಾದ ಬೆಲೆ ಅದು. ನನ್ನ ಸಣ್ಣ ದೋಣಿಯನ್ನು ಮಾರಿದೆ. ಒಮ್ಮೆ ಹಣವಿಲ್ಲದೆ ಐದು ತಿಂಗಳು ಕೆಲಸ ನಿಂತಿತು, ಆಗಲೂ ಉಪ್ಪುನೀರು ಹನಿಸುವುದನ್ನು ನಿಲ್ಲಿಸಲಿಲ್ಲ. ಸ್ಕ್ರೂಗಳಲ್ಲಿ ಉಳಿಸಲು ಹೋಗಿ ಹಿತ್ತಾಳೆಯವನ್ನು ಕೊಳ್ಳುವ ಯೋಚನೆ ಬಂದಿತ್ತು. ಒಡಲಿನಿಂದ ತೆಗೆದ ಹಳೆಯ ಹಿತ್ತಾಳೆ ಸ್ಕ್ರೂಗಳು ಸತು ಕಳೆದುಕೊಂಡು ಕೆಂಪಾಗಿ, ಬೆರಳಲ್ಲಿ ಪುಡಿಯಾದದ್ದನ್ನು ನೋಡಿ ಸಿಲಿಕಾನ್ ಕಂಚಿಗೇ ಹಣ ಕೊಟ್ಟೆ. ಬೆನ್ನೆಲುಬನ್ನು ಹೊಸದಾಗಿ ಹಾಕಿಸಿದ್ದರೆ ಒಟ್ಟು ಖರ್ಚು ಇದರ ಎರಡರಷ್ಟಾಗುತ್ತಿತ್ತು ಎಂದು, ಮೊದಲು ಹಾಗೆಯೇ ಮಾಡಬೇಕೆಂದಿದ್ದ ಮೂವರಲ್ಲಿ ಒಬ್ಬರು ಆಮೇಲೆ ತಾವಾಗಿಯೇ ಲೆಕ್ಕ ಹಾಕಿ ಹೇಳಿದರು. ಆ ಮಾತು ನನಗೆ ತುಂಬ ಸಂತೋಷ ಕೊಟ್ಟಿತು.

ನೀರಿಗಿಳಿಸಿದ ಮೊದಲ ರಾತ್ರಿ ಕ್ರೇನಿನ ಪಟ್ಟಿಗಳನ್ನು ಬಿಚ್ಚದೆ ಎರಡು ಪಂಪುಗಳನ್ನು ನಡೆಸಿದೆವು. ಹಲಗೆಗಳು ಮೊದಲೇ ತೇವ ಹಿಡಿದಿದ್ದರಿಂದ ನಾಲ್ಕನೆಯ ದಿನಕ್ಕೆ ಪಂಪು ಗಂಟೆಗೊಮ್ಮೆ, ಎರಡನೆಯ ವಾರಕ್ಕೆ ದಿನಕ್ಕೊಮ್ಮೆ ಓಡಿದರೆ ಸಾಕಾಯಿತು. ಮೊದಲ ಸಲ ಜೋರು ಗಾಳಿಗೆ ವಾಲಿ ಓಡಿದಾಗ ಒಳಗೆ ಕೂತು ಪಕ್ಕೆಲುಬುಗಳ ಮೇಲೆ ಕೈಯಿಟ್ಟು ನೋಡಿದೆ, ಒಂದೂ ಕಿರುಗುಟ್ಟಲಿಲ್ಲ.

ಈ ಸಲ ಮೇಲೆತ್ತಿದಾಗ ಹಳೆಯ ನೀರ್ಗೆರೆಗೆ ಮತ್ತೆ ದಾರ ಕಟ್ಟಿದೆ. ಇಳಿಸುವಾಗ 10 ಮಿಲಿಮೀಟರ್ ಇದ್ದದ್ದು 14 ಆಗಿದೆ. ಕಳೆದ ಸಲ ಕೂವೆಮರವನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ತೆಗೆದು ನೌಕೆಯನ್ನು ಆರು ತಿಂಗಳು ನೀರಿನಲ್ಲಿ ಬಿಟ್ಟಿದ್ದೆ. ಕೂವೆಮರ ನಿಂತಿದ್ದಾಗ ಅದು ನಡುವನ್ನು ಕೆಳಗೊತ್ತಿ, ಅದರ ಹಗ್ಗಗಳು ತುದಿಗಳನ್ನು ಮೇಲೆಳೆಯುತ್ತಿರುತ್ತವೆ. ಆ ಎಳೆತ ಇಲ್ಲದ್ದರಿಂದಲೇ ಹೀಗಾಗಿರಬೇಕೆಂದು ನನ್ನ ಅನುಮಾನ. ಈ ಬಾರಿ ಕೂವೆಮರವನ್ನು ಇಳಿಸುವುದಿಲ್ಲ, ಹಗ್ಗಗಳನ್ನು ಸಡಿಲಿಸುವುದೂ ಇಲ್ಲ. ವರ್ಷ ಕಳೆದ ಮೇಲೆ ಅದೇ ದಾರವನ್ನು ಅದೇ ಎರಡು ಮೊಳೆಗಳಿಗೆ ಕಟ್ಟಿ ಅಳೆಯುತ್ತೇನೆ.