ಪಾರ್ಕಿನ್‌ಸನ್ ಗುಳಿಗೆ, ಹಿಡಿತ ತಪ್ಪುವ ಆಸೆ: ನಾನು ಕೇಳುವ ಬಗೆ, ಇಳಿಸುವ ಬಗೆ

ಕಲಬುರಗಿಯಲ್ಲಿ ಪಾರ್ಕಿನ್‌ಸನ್ ರೋಗಿಗಳನ್ನು ನೋಡುವಾಗ, ಕೈ ನಡುಕದ ಮಾತು ಮುಗಿದ ಮೇಲೆ ದುಡ್ಡಿನ ಮಾತು ತೆಗೆಯುತ್ತೇನೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಪಾರ್ಕಿನ್‌ಸನ್ ಗುಳಿಗೆ ನುಂಗುವ ಕೆಲವರಿಗೆ ಜೂಜು, ಖರೀದಿ, ತಿನಿಸು, ಕಾಮ ಇವುಗಳ ಮೇಲೆ ಹಿಡಿತ ಇರುವುದಿಲ್ಲ. 2010ರಲ್ಲಿ ಪ್ರಕಟವಾದ 3,090 ರೋಗಿಗಳ ಅಧ್ಯಯನದಲ್ಲಿ ಈ ಜಾತಿಯ ಗುಳಿಗೆ ತೆಗೆದುಕೊಳ್ಳುವವರಲ್ಲಿ ಶೇ 17.1, ಉಳಿದವರಲ್ಲಿ ಶೇ 6.9 ಮಂದಿಗೆ ಈ ತೊಂದರೆ ಇತ್ತು. ಈ ಗುಳಿಗೆಗಳು ಮಿದುಳಿನ ಸಂದೇಶವಾಹಕ ಡೋಪಮಿನ್‌ನಂತೆ ವರ್ತಿಸಿ, ಅದನ್ನು ಹಿಡಿಯುವ ಡಿ3 ಗ್ರಾಹಕಗಳಿಗೆ ಗಟ್ಟಿಯಾಗಿ ಅಂಟುತ್ತವೆ. ಮಿದುಳಿನಲ್ಲಿ ಆಸೆ ಹುಟ್ಟಿಸುವ ಜಾಗದಲ್ಲೇ ಆ ಗ್ರಾಹಕಗಳು ಹೆಚ್ಚು. ವಯಸ್ಸಾಗಿ ಬುದ್ಧಿ ಕೆಟ್ಟಿದೆ ಎಂದು ಮನೆಯವರು ಬೈಯುವುದು ಅನ್ಯಾಯ.

"ಚಟ ಇದೆಯೇ?" ಎಂದರೆ ಇಲ್ಲ ಎಂಬುದೇ ಉತ್ತರ. ಅದಕ್ಕೇ ಮೊದಲು ಗುಳಿಗೆಯ ಮೇಲೆ ಹೊರಿಸುತ್ತೇನೆ: "ಈ ಗುಳಿಗಿಯಿಂದ ಕೆಲವರಿಗೆ ಹಿಂಗ ಆಗ್ತದ್ರಿ, ನಿಮ್ಮ ತಪ್ಪಲ್ಲ. ಮಟ್ಕಾ, ಫೋನಿನ್ಯಾಗ ರಮ್ಮಿ ಹೆಚ್ಚಾಗ್ಯಾದೇನ್ರಿ? ರಾತ್ರಿ ಎದ್ದು ರೊಟ್ಟಿ ಡಬ್ಬಿ ತೆಗಿತೀರೇನ್ರಿ?" ಆಮೇಲೆ ಹೆಂಡತಿಯನ್ನು ಬೇರೆ ಕೂರಿಸಿ ಕೇಳಬೇಕು, ಕಾಮದ ವಿಷಯವನ್ನು ನರ್ಸಮ್ಮ ಕೇಳಿದರೆ ಬಾಯಿ ಬಿಡುತ್ತಾರೆ. ರೋಗಿ ಒಪ್ಪಿದರೆ ಫೋನಿನಲ್ಲಿ ಮೂರು ತಿಂಗಳ ಪಾವತಿ ನೋಡುತ್ತೇನೆ: ನಡುರಾತ್ರಿ ಒಂದೇ ಖಾತೆಗೆ 200, 200, 500 ಹೋಗಿದ್ದರೆ ಬೇರೆ ಪುರಾವೆ ಬೇಡ. ರಾತ್ರಿಯಿಡೀ ತೊಗರಿ ಆರಿಸಿ, ಸುರುವಿ, ಮತ್ತೆ ಆರಿಸುವುದೂ ಇದರ ಬಳಗವೇ.

ಮನೆಯ ಎಲ್ಲ ಗುಳಿಗೆ ಹಾಳೆಗಳನ್ನೂ ಚೀಲದಲ್ಲಿ ತರಿಸಿ. ಸೊಲ್ಲಾಪುರದಲ್ಲಿ ಒಂದು ಹೆಸರಲ್ಲಿ, ಹೈದರಾಬಾದಿನಲ್ಲಿ ಇನ್ನೊಂದು ಹೆಸರಲ್ಲಿ ಬರೆಸಿಕೊಂಡು ಅದೇ ಪ್ರಾಮಿಪೆಕ್ಸೋಲನ್ನು ಎರಡು ಪಟ್ಟು ನುಂಗುವುದುಂಟು.

ಗುಳಿಗೆಯ ಪ್ರಮಾಣ ಇಳಿಸುವುದರಲ್ಲಿ ಅವಸರ ಬೇಡ. ಪ್ರಾಮಿಪೆಕ್ಸೋಲ್ 0.5 ಮಿ.ಗ್ರಾಂ ಮೂರು ಹೊತ್ತು ಇದ್ದರೆ ದಿನದ ಒಟ್ಟು ಪ್ರಮಾಣದಲ್ಲಿ ವಾರಕ್ಕೆ 0.25ರಂತೆ ಕಡಿಮೆ ಮಾಡುತ್ತೇನೆ, ಆರು ವಾರ ಹಿಡಿಯುತ್ತದೆ. ನಡಿಗೆ ಬಿಗಿಯಾದರೆ ಮಾತ್ರ ಲೆವೊಡೋಪಾ (ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಔಷಧ) ಏರಿಸುತ್ತೇನೆ, 1 ಮಿ.ಗ್ರಾಂ ಪ್ರಾಮಿಪೆಕ್ಸೋಲಿಗೆ ಸುಮಾರು 100 ಮಿ.ಗ್ರಾಂ ಲೆವೊಡೋಪಾ ಸಮ. ಸಿಟ್ಟಿನಲ್ಲಿ ಮನೆಯವರೇ ಗುಳಿಗೆ ಬಚ್ಚಿಟ್ಟಾಗ ಕೆಡುತ್ತದೆ: ದಿಗಿಲು, ಬೆವರು, ಖಿನ್ನತೆ, ಮೈನೋವು. ಇವು ಲೆವೊಡೋಪಾ ಕೊಟ್ಟರೂ ತಗ್ಗುವುದಿಲ್ಲ. ಆಗ ಈ ತೊಂದರೆ ಇರದಿದ್ದ ಕೊನೆಯ ಪ್ರಮಾಣಕ್ಕೆ ಹಿಂತಿರುಗಿ ಇನ್ನೂ ನಿಧಾನವಾಗಿ ಇಳಿಸುತ್ತೇನೆ. ಜ್ವರ, ಮೈ ಸೆಟೆತ, ಗೊಂದಲ ಒಟ್ಟಿಗೆ ಬಂದರೆ ಅದೇ ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಈ ವಾರಗಳಲ್ಲಿ ಎಟಿಎಂ ಕಾರ್ಡ್ ರೋಗಿಯ ಒಪ್ಪಿಗೆಯಿಂದ ಮಗಳ ಹತ್ತಿರ ಇರಲಿ.